ಮೊದಲು ನಿಯಮ, ಆಮೇಲೆ ತಂಡ

ಮರಿ, ನೀನು ಕಳಿಸಿದ ಆರು ಪೋಕೆಮಾನ್‌ಗಳ ಪಟ್ಟಿ ನೋಡಿದೆ. ಮಾಮೂಲಿ ಆಟಕ್ಕೆ ಒಳ್ಳೆಯ ತಂಡವೇ. ಆದರೆ ನೀನು ಹೊರಟಿರುವುದು ಇನ್ವರ್ಸ್ ಬ್ಯಾಟಲ್‌ಗೆ. ಅಲ್ಲಿಗೆ ಇದೇ ಆರು ಜನರನ್ನು ಕರೆದುಕೊಂಡು ಹೋದರೆ ಬಂದ ದಾರಿಗೆ ಸುಂಕವಿಲ್ಲ. ಅಜ್ಜನಿಗೆ ಇದೆಲ್ಲ ಏನು ಗೊತ್ತು ಎಂದು ನಗಬೇಡ. ಗಣಿತ ಹೇಳಿಕೊಟ್ಟೇ ಬದುಕಿದವನಿಗೆ ಯಾವ ಟೈಪಿನ ಏಟು ಯಾವ ಟೈಪಿಗೆ ಎಷ್ಟು ತಗಲುತ್ತದೆ ಎಂದು ಹೇಳುವ 18 ಸಾಲು, 18 ಕಂಬಸಾಲಿನ ಕೋಷ್ಟಕ ಓದುವುದು ದೊಡ್ಡ ಮಾತಲ್ಲ. ಪೋಕೆಮಾನ್ ಕದನದ ಅರ್ಧ ಗುಟ್ಟು ಆ ಕೋಷ್ಟಕದಲ್ಲೇ ಇದೆ. ಉಳಿದರ್ಧ ಎದುರಾಳಿಯ ತಲೆಯಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಮನೆಯಲ್ಲಿ ಚೌಕಾಬಾರ ಆಡುವಾಗ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿರಲಿಲ್ಲ. ನಿನ್ನ ಅಜ್ಜಿಯ ತವರಿನಲ್ಲಿ ಆ ಕಟ್ಟಳೆ ಇರಲಿಲ್ಲ. ಕವಡೆ ಅದೇ, ಮಣೆ ಅದೇ. ಆದರೂ ಅಲ್ಲಿ ಓಡುವವರು ಗೆಲ್ಲುತ್ತಿದ್ದರು, ಇಲ್ಲಿ ಹೊಂಚು ಹಾಕುವವರು. ಒಂದು ಸಾಲಿನ ಕಟ್ಟಳೆ ಯಾವುದು ಬಲ, ಯಾವುದು ದೌರ್ಬಲ್ಯ ಎಂಬುದನ್ನೇ ಬದಲಿಸಿಬಿಡುತ್ತದೆ. ಹಾಗಾಗಿ ಹೊಸ ನಿಯಮದ ಸ್ಪರ್ಧೆ ಎಂದಾಕ್ಷಣ ನಿನ್ನ ಮೆಚ್ಚಿನವರನ್ನು ಮುಂದೆ ಕೂರಿಸಿಕೊಂಡು ಯೋಚಿಸಬೇಡ. ಮಾಮೂಲಿ ಆಟದಲ್ಲಿ ಗೆಲ್ಲುವವರು ಯಾವುದರ ಆಧಾರದ ಮೇಲೆ ಗೆಲ್ಲುತ್ತಿದ್ದರು, ಈ ನಿಯಮ ಆ ಆಧಾರವನ್ನು ಉಳಿಸಿದೆಯೋ ಕಿತ್ತಿದೆಯೋ ಎಂದು ಕೇಳಿಕೋ.

ಇನ್ವರ್ಸ್ ಬ್ಯಾಟಲ್ಲನ್ನೇ ತೆಗೆದುಕೊ. 2013ರ ಎಕ್ಸ್ ಮತ್ತು ವೈ ಆಟಗಳಲ್ಲಿ ಬಂದದ್ದು ಇದು. ಫೇರಿ ಸೇರಿ ಟೈಪ್‌ಗಳು 18 ಆದದ್ದೂ ಆಗಲೇ. ಎರಡು ಪಟ್ಟು ತಗಲುತ್ತಿದ್ದ ಏಟು ಇಲ್ಲಿ ಅರ್ಧ ತಗಲುತ್ತದೆ, ಅರ್ಧದ್ದು ಎರಡು ಪಟ್ಟಾಗುತ್ತದೆ, ಸ್ವಲ್ಪವೂ ತಾಕದಿದ್ದ ಏಟು ಕೂಡ ಎರಡು ಪಟ್ಟಾಗುತ್ತದೆ. ಈಗ ಸ್ಟೀಲ್ ಟೈಪನ್ನು ನೋಡು. ಮಾಮೂಲಿ ಆಟದಲ್ಲಿ 10 ಟೈಪ್‌ಗಳ ಏಟನ್ನು ಅರ್ಧಕ್ಕಿಳಿಸುವ, ಪಾಯ್ಸನ್ ಮುಟ್ಟಲೂ ಆಗದ ಕೋಟೆ ಅದು. ಇಲ್ಲಿ ಅದೇ ಕೋಟೆಗೆ 11 ಕಡೆ ಬಿರುಕು. ನಿನ್ನ ಪಟ್ಟಿಯಲ್ಲಿರುವ ಏಜಿಸ್ಲ್ಯಾಷ್ ಸ್ಟೀಲ್ ಮತ್ತು ಘೋಸ್ಟ್ ಎರಡೂ ಹೌದು. ಮಾಮೂಲಿಯಾಗಿ ನಾರ್ಮಲ್ ಟೈಪಿನ ಏಟು ಅದಕ್ಕೆ ತಾಕುವುದೇ ಇಲ್ಲ. ಇನ್ವರ್ಸ್‌ನಲ್ಲಿ ಘೋಸ್ಟ್‌ಗೆ ಎರಡು ಪಟ್ಟು, ಸ್ಟೀಲ್‌ಗೆ ಎರಡು ಪಟ್ಟು, ಒಟ್ಟು ನಾಲ್ಕು ಪಟ್ಟು. ನಿನ್ನ ಪಟ್ಟಿಯ ಇನ್ನೊಬ್ಬ, ಗ್ರಾಸ್ ಮತ್ತು ಸ್ಟೀಲ್ ಎರಡೂ ಆಗಿರುವ ಫೆರೋಥಾರ್ನ್‌ದೂ ಹೆಚ್ಚುಕಡಿಮೆ ಅದೇ ಗತಿ. ಮಾಮೂಲಿ ಆಟದಲ್ಲಿ ನಾಲ್ಕು ಪಟ್ಟು ಸುಡುತ್ತಿದ್ದ ಬೆಂಕಿಯನ್ನು ಇಲ್ಲಿ ಅದು ಕಾಲುಭಾಗಕ್ಕೆ ಇಳಿಸುತ್ತದೆ, ನಿಜ. ಆದರೆ ಗ್ರಾಸ್ ಟೈಪಿನ ಒಂದು ಸಾದಾ ಏಟಿಗೆ ನಾಲ್ಕು ಪಟ್ಟು ನೋಯುತ್ತದೆ. ಇಬ್ಬರನ್ನೂ ತೆಗೆ.

ಹಾಗಾದರೆ ಯಾರು ಬೇಕು? ಯಾರೂ ಕ್ಯಾರೇ ಅನ್ನದ ಐಸ್ ಟೈಪು. ರಕ್ಷಣೆಗೆ ಮಾಮೂಲಿಯಾಗಿ ಅದು ತೀರಾ ಬಡಪಾಯಿ. ಫೈರ್, ಫೈಟಿಂಗ್, ರಾಕ್, ಸ್ಟೀಲ್ ನಾಲ್ಕೂ ಅದನ್ನು ಬಡಿಯುತ್ತವೆ, ಅದು ತಡೆದುಕೊಳ್ಳುವುದು ತನ್ನದೇ ಟೈಪನ್ನು ಮಾತ್ರ. ತಿರುಗಿಸಿ ನೋಡು: ನಾಲ್ಕನ್ನು ತಡೆಯುತ್ತದೆ, ಒಂದಕ್ಕೆ ಮಾತ್ರ ಹೆದರುತ್ತದೆ. ಐಸ್ ಮತ್ತು ರಾಕ್ ಎರಡೂ ಆಗಿರುವ ಅರೋರಸ್ ಮಾಮೂಲಿ ಆಟದಲ್ಲಿ ಫೈಟಿಂಗ್‌ಗೂ ಸ್ಟೀಲ್‌ಗೂ ನಾಲ್ಕು ಪಟ್ಟು ಬಲಿ. ಇಲ್ಲಿ ಆ ಎರಡು ಏಟುಗಳೂ ಅದಕ್ಕೆ ಕಾಲುಭಾಗ. ಹೊಡೆಯುವ ಕಡೆಗೆ ನಾರ್ಮಲ್ ಟೈಪು ಬೇಕು. ಮಾಮೂಲಿಯಾಗಿ ಅದು ಯಾರಿಗೂ ಹೆಚ್ಚು ನೋಯಿಸುವುದಿಲ್ಲ, ರಾಕ್ ಮತ್ತು ಸ್ಟೀಲ್ ಅದನ್ನು ತಡೆಯುತ್ತವೆ, ಘೋಸ್ಟ್‌ಗೆ ಅದು ತಾಕುವುದೇ ಇಲ್ಲ. ಇನ್ವರ್ಸ್‌ನಲ್ಲಿ ಈ ಮೂರಕ್ಕೂ ಎರಡು ಪಟ್ಟು, ತಡೆಯುವ ಟೈಪು ಒಂದೂ ಇಲ್ಲ. ಅಡಾಪ್ಟಬಿಲಿಟಿ ಎಂಬ ಅಬಿಲಿಟಿ (ಹುಟ್ಟುಗುಣ) ಇರುವ ಪೋರಿಗಾನ್-ಝೆಡ್ ತನ್ನ ಟೈಪಿನ ಏಟಿಗೆ ಎಲ್ಲರಂತೆ ಒಂದೂವರೆ ಪಟ್ಟಲ್ಲ, ಎರಡು ಪಟ್ಟು ಬಲ ಪಡೆಯುತ್ತದೆ. ಈ ಆಟದಲ್ಲಿ ಅದರ ಟ್ರೈ ಅಟ್ಯಾಕ್ ಎದುರಿಗೆ ನೆಮ್ಮದಿಯಾಗಿ ನಿಲ್ಲುವವರು ಕಡಿಮೆ.

ಇಷ್ಟು ಲೆಕ್ಕ ಯಾರು ಬೇಕಾದರೂ ಹಾಕುತ್ತಾರೆ. ಹೆಚ್ಚಿನ ಹುಡುಗರು ಇಲ್ಲಿಗೆ ನಿಲ್ಲಿಸುತ್ತಾರೆ, ಅಲ್ಲೇ ಸೋಲುತ್ತಾರೆ. ಎದುರಾಳಿಯೂ ಅದೇ ಕೋಷ್ಟಕ ತಿರುಗಿಸಿ ನೋಡಿರುತ್ತಾನೆ, ಅವನೂ ನಾರ್ಮಲ್ ಟೈಪನ್ನೇ ತರುತ್ತಾನೆ ಎಂಬುದನ್ನು ಲೆಕ್ಕಕ್ಕೆ ಸೇರಿಸು. ನಾರ್ಮಲ್ ಏಟನ್ನು ತಡೆಯುವ ಟೈಪೇ ಇಲ್ಲವೆಂದ ಮೇಲೆ, ಮಾಮೂಲಿ ಆಟದಲ್ಲಿ ನೀನು ಮಾಡುವ ಹಾಗೆ ಏಟು ಬರುವುದನ್ನು ಊಹಿಸಿ ಘೋಸ್ಟನ್ನು ಒಳಗೆ ಬಿಟ್ಟು ಪುಕ್ಕಟೆಯಾಗಿ ಒಂದು ಸರದಿ ಗಿಟ್ಟಿಸುವ ಉಪಾಯ ಸತ್ತುಹೋಯಿತು. ಟೈಪಿನಿಂದ ಸಿಗುವ ಪೂರ್ಣ ರಕ್ಷಣೆ ಇನ್ವರ್ಸ್‌ನಲ್ಲಿ ಯಾರಿಗೂ ಇಲ್ಲ. ಲೆವಿಟೇಟ್, ವೋಲ್ಟ್ ಅಬ್ಸಾರ್ಬ್‌ನಂಥ ಅಬಿಲಿಟಿಯಿಂದ ಬರುವ ರಕ್ಷಣೆ ಮಾತ್ರ ಉಳಿದಿದೆ. ಅಂದರೆ ಪೋಕೆಮಾನ್ ಬದಲಿಸುವುದು ಇಲ್ಲಿ ದುಬಾರಿ. ಹಾಗಾಗಿ ಮೊದಲು ಹೊಡೆಯುವವರಿಗೆ, ಇಲ್ಲವೇ ಒಂದು ಏಟು ನುಂಗಿ ತಿರುಗಿ ಹೊಡೆಯುವ ಗಟ್ಟಿಗರಿಗೆ ಬೆಲೆ. ಎಲ್ಲರೂ ನಾರ್ಮಲ್ ತರುವ ಕಡೆ ವೇಗವಾದ ಒಂದು ಘೋಸ್ಟ್ ಇರಲಿ. ಇಬ್ಬರೂ ಪರಸ್ಪರ ಎರಡು ಪಟ್ಟು ಹೊಡೆಯಬಲ್ಲರು, ಯಾರು ಮೊದಲು ಎಂಬುದೊಂದೇ ಪ್ರಶ್ನೆ. ಗ್ರಾಸ್ ಮತ್ತು ಬಗ್ ಏಟುಗಳನ್ನೂ ಮರೆಯಬೇಡ. ಮಾಮೂಲಿಯಾಗಿ ತಲಾ ಏಳು ಟೈಪ್‌ಗಳು ತಡೆಯುವುದರಿಂದ ಅವನ್ನು ಹೆಚ್ಚಿನವರು ಮುಖ್ಯ ಆಯುಧವಾಗಿ ಇಟ್ಟುಕೊಳ್ಳುವುದಿಲ್ಲ. ಆ ಏಳೂ ಇಲ್ಲಿ ಗುರಿಗಳು.

ನೀನು ಫೋನಿನಲ್ಲಿ ಆಡುವ ಪೋಕೆಮಾನ್ ಗೋ ಬಗ್ಗೆ ಇನ್ನೂ ಹೆಚ್ಚು ಹೇಳಬೇಕಿದೆ. ಅಲ್ಲಿ ನಿನ್ನಂಥವರು ದಿನವೂ ಬಂಗಾರವನ್ನು ಕಸಕ್ಕೆ ಹಾಕುತ್ತಿರುವುದನ್ನು ನೋಡುತ್ತೇನೆ. ಗ್ರೇಟ್ ಲೀಗ್‌ನಲ್ಲಿ ಪೋಕೆಮಾನ್‌ನ ಬಲ ಅಳೆಯುವ ಸಿಪಿ 1500 ಮೀರುವಂತಿಲ್ಲ, ಅಲ್ಟ್ರಾ ಲೀಗ್‌ನಲ್ಲಿ 2500. ಅಟ್ಯಾಕ್, ಡಿಫೆನ್ಸ್, ಎಚ್‌ಪಿ (ಜೀವಬಲ) ಮೂರೂ ಕಡೆ 15 ಅಂಕವಿರುವ ಪೋಕೆಮಾನ್ ಸಿಕ್ಕರೆ ಕುಣಿಯುತ್ತೀಯ, ಒಂದೆರಡು ನಕ್ಷತ್ರದ್ದನ್ನು ಆಗಲೇ ಪ್ರೊಫೆಸರ್‌ಗೆ ಕಳಿಸಿಬಿಡುತ್ತೀಯ. ಸಿಪಿ ಹೇಗೆ ಹುಟ್ಟುತ್ತದೆ ಎಂದು ಯಾವತ್ತಾದರೂ ನೋಡಿದ್ದೀಯಾ? ಆ ಸೂತ್ರದಲ್ಲಿ ಅಟ್ಯಾಕ್ ಇಡಿಯಾಗಿ ಗುಣಾಕಾರಕ್ಕೆ ಬರುತ್ತದೆ, ಡಿಫೆನ್ಸ್ ಮತ್ತು ಎಚ್‌ಪಿಯ ವರ್ಗಮೂಲ ಮಾತ್ರ ಬರುತ್ತದೆ. ಅಟ್ಯಾಕ್ ಎರಡು ಪಟ್ಟಾದರೆ ಸಿಪಿಯೂ ಎರಡು ಪಟ್ಟು. ಡಿಫೆನ್ಸ್ ಎರಡು ಪಟ್ಟಾದರೆ ಸಿಪಿ ಸುಮಾರು 1.4 ಪಟ್ಟು ಅಷ್ಟೇ. ಕಣದಲ್ಲಿ ಮಾತ್ರ ಡಿಫೆನ್ಸ್ ಇಡಿಯಾಗಿಯೇ ಕೆಲಸ ಮಾಡುತ್ತದೆ, ವರ್ಗಮೂಲದಷ್ಟಲ್ಲ. ಎಂದಮೇಲೆ 1500ರ ಮಿತಿಯೊಳಗೆ ಅಟ್ಯಾಕ್ ದುಬಾರಿ ಸರಕು, ಗಟ್ಟಿತನ ಅಗ್ಗದ ಸರಕು. ಅಟ್ಯಾಕ್ 0, ಡಿಫೆನ್ಸ್ 15, ಎಚ್‌ಪಿ 15 ಇರುವ ಪೋಕೆಮಾನನ್ನು ಪರಿಪೂರ್ಣವಾದದ್ದಕ್ಕಿಂತ ಹೆಚ್ಚಿನ ಲೆವೆಲ್‌ವರೆಗೆ ಬೆಳೆಸಿಯೂ ಮಿತಿಯೊಳಗೆ ಉಳಿಯಬಹುದು. ಅಜುಮಾರಿಲ್ ಇಂದಿಗೂ ಆ ಲೀಗ್‌ನಲ್ಲಿ ಹೆಸರು ಮಾಡಿರುವುದು ಅದರ ಹೊಟ್ಟೆಯ ಗಟ್ಟಿತನದಿಂದ, ಏಟಿನ ಜೋರಿನಿಂದಲ್ಲ.

ಇದಕ್ಕೂ ಎರಡು ತಕರಾರುಗಳಿವೆ. ಕೊನೆಯ ಲೆವೆಲ್ ಮುಟ್ಟಿದರೂ 1500 ತಲುಪದ ಸಣ್ಣ ಪೋಕೆಮಾನ್‌ಗಳಿಗೆ ಈ ಲೆಕ್ಕ ನಡೆಯದು, ಅವಕ್ಕೆ ಮೂರೂ 15 ಇದ್ದರೇ ಲಾಭ. ಇನ್ನೊಂದು, ಇಬ್ಬರೂ ಒಂದೇ ಕ್ಷಣಕ್ಕೆ ಚಾರ್ಜ್ಡ್ ಅಟ್ಯಾಕ್ ಒತ್ತಿದರೆ ಯಾರ ಅಟ್ಯಾಕ್ ಹೆಚ್ಚೋ ಅವರದು ಮೊದಲು ಹೊರಡುತ್ತದೆ. ಎಲ್ಲರೂ ಸೊನ್ನೆ ಅಟ್ಯಾಕಿನ ಅಜುಮಾರಿಲ್ ತಂದಿರುವ ಕಡೆ ಒಂದೆರಡು ಅಂಕ ಹೆಚ್ಚಿಟ್ಟುಕೊಂಡು ಬಂದವನು ಅಂಥ ಹೊತ್ತಿನಲ್ಲಿ ಗೆಲ್ಲುತ್ತಾನೆ. ಇನ್ವರ್ಸ್‌ನಲ್ಲಿ ಘೋಸ್ಟ್ ತಂದವನು ಮಾಡಿದ ಕೆಲಸವೇ ಇದು. ನಿಯಮ ಏನನ್ನು ಮಗುಚಿತು ಎನ್ನುವುದು ಮೊದಲ ಲೆಕ್ಕ. ಅದನ್ನು ಎಲ್ಲರೂ ಹಾಕಿ ಮುಗಿಸಿದಾಗ ಏನು ಅಗ್ಗವಾಗಿ ಉಳಿಯಿತು ಎನ್ನುವುದು ಎರಡನೆಯದು.

ಗ್ರೇಟ್ ಲೀಗ್‌ಗೆ ಬೇಕಾದ್ದನ್ನು ಎಲ್ಲಿ ಹುಡುಕಬೇಕು ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಗುಂಪಾಗಿ ಆಡುವ ಮಾಮೂಲಿ ರೇಡ್‌ನಲ್ಲಿ ಹಿಡಿದದ್ದಕ್ಕೆ ಪ್ರತಿ ಅಂಕವೂ ಕನಿಷ್ಠ 10 ಇರುತ್ತದೆ, ಲಕ್ಕಿ ವಿನಿಮಯದಲ್ಲಿ ಬಂದದ್ದಕ್ಕೆ ಕನಿಷ್ಠ 12. ಸಿಪಿ ಮಿತಿಯೇ ಇಲ್ಲದ ಮಾಸ್ಟರ್ ಲೀಗ್‌ಗೆ ಅವು ಸರಿ, ಇಲ್ಲಿಗೆ ಅಡ್ಡಿ. ಬೀದಿಯಲ್ಲಿ ಸಾದಾ ಹವೆಯಲ್ಲಿ ಹಿಡಿದದ್ದು, ಇಲ್ಲವೇ ಇನ್ನೂ ಸಲಿಗೆ ಬೆಳೆಯದ ಹೊಸ ಗೆಳೆಯನೊಂದಿಗೆ ವಿನಿಮಯ ಮಾಡಿಕೊಂಡದ್ದು ಮೇಲು. ಗೆಳೆತನದ ದರ್ಜೆ ಏರಿದಷ್ಟೂ ವಿನಿಮಯದಲ್ಲಿ ಸಿಗುವ ಕನಿಷ್ಠ ಅಂಕ ಏರುತ್ತದೆ, ಜೀವದ ಗೆಳೆಯನ ಕೈಯಿಂದ ಬಂದದ್ದಕ್ಕೆ ಅದು 5.

ಮತ್ತೆ ಮುಖ್ಯ ಆಟಕ್ಕೆ ಬಂದು, ಲಿಟಲ್ ಕಪ್ ಬಗ್ಗೆ ಚುಟುಕಾಗಿ. ಎಲ್ಲರೂ 5ನೇ ಲೆವೆಲ್, ಇನ್ನೂ ಬೆಳೆಯಬಲ್ಲ ಮರಿಗಳು ಮಾತ್ರ. ಅಲ್ಲಿ ಒಬ್ಬೊಬ್ಬರ ಎಚ್‌ಪಿ ಇಪ್ಪತ್ತರ ಆಸುಪಾಸಿನಲ್ಲಿರುತ್ತದೆ, ಭಿನ್ನರಾಶಿಗಳು ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತವೆ. 20 ಎಚ್‌ಪಿ ತುಂಬುವ ಬೆರ್ರಿ ಜ್ಯೂಸ್ ದೊಡ್ಡವರ ಆಟದಲ್ಲಿ ಯಾರಿಗೂ ಬೇಡ, ಇಲ್ಲಿ ಅದು ಹೆಚ್ಚುಕಡಿಮೆ ಮರುಜನ್ಮ. ಏಟಿನ ಬಲ ಹೆಚ್ಚಿಸುವ ಲೈಫ್ ಆರ್ಬ್ ಪ್ರತಿ ಏಟಿಗೂ ಎಚ್‌ಪಿಯ ಹತ್ತನೇ ಒಂದು ಭಾಗ ಕೀಳುತ್ತದೆ. ಎಚ್‌ಪಿ 20 ಇದ್ದರೆ 2, 19 ಇದ್ದರೆ 1. ಬೇಕೆಂದೇ ಒಂದು ಎಚ್‌ಪಿ ಕಡಿಮೆ ಇಟ್ಟುಕೊಂಡವನು ಜಾಣ. ಈ ಕಪ್ ನನಗೆ ಎಲ್ಲಕ್ಕಿಂತ ಇಷ್ಟ, ಕಾರಣ ಬೇರೆ ಹೇಳಬೇಕೆ.

ಇನ್ನು ಯಾರು ಬೇಕಾದರೂ ಯಾವ ಅಬಿಲಿಟಿ ಬೇಕಾದರೂ ಹಾಕಿಕೊಳ್ಳಬಹುದು ಎನ್ನುವಂಥ ನಿಯಮಗಳು. ಪೋಕೆಮಾನ್ ಶೋಡೌನ್ ಎಂಬ ಕದನ ತಾಣದಲ್ಲಿ ಇಂಥವು ಸದಾ ಇರುತ್ತವೆ. ಅಲ್ಲಿ ಬ್ರೇಕ್ ಹಾಕಿ ಕೂರಿಸಿದವರನ್ನು ಹುಡುಕು. ರೆಜಿಗಿಗಾಸ್‌ನ ಆರು ಅಂಕಗಳ ಒಟ್ಟು ಮೊತ್ತ 670, ಅಟ್ಯಾಕ್ ಒಂದೇ 160. ಸ್ಲೋ ಸ್ಟಾರ್ಟ್ ಎಂಬ ಅಬಿಲಿಟಿ ಐದು ಸರದಿಯವರೆಗೆ ಅದರ ಅಟ್ಯಾಕನ್ನೂ ವೇಗವನ್ನೂ ಅರ್ಧಕ್ಕಿಳಿಸುತ್ತದೆ ಎಂಬ ಒಂದೇ ಕಾರಣಕ್ಕೆ ಯಾರೂ ಹೆದರುವುದಿಲ್ಲ. ಆ ಅಬಿಲಿಟಿಯನ್ನು ನಿಯಮವೇ ತೆಗೆದರೆ ಏನಾಗುತ್ತದೆ ನೋಡು. ಶೆಡಿಂಜಾದ ಎಚ್‌ಪಿ ಯಾವಾಗಲೂ ಒಂದೇ ಒಂದು. ಎಚ್‌ಪಿ ತುಂಬಿದ್ದಾಗ ಒಂದೇ ಏಟಿಗೆ ಸಾಯಲು ಬಿಡದ ಸ್ಟರ್ಡಿ ಅದಕ್ಕೆ ಸಿಕ್ಕರೆ, ಅದರ ಎಚ್‌ಪಿ ಸದಾ ತುಂಬಿಯೇ ಇರುವುದರಿಂದ ನೇರ ಏಟಿಗೆ ಅದು ಬಗ್ಗುವುದೇ ಇಲ್ಲ. ಮರಳುಗಾಳಿ, ವಿಷ, ನೆಲಕ್ಕೆ ಹರಡಿದ ಕಲ್ಲು ಇಂಥವೇ ಬೇಕು. ಆದರೆ ಇಂಥ ಉಪಾಯ ಹೊಳೆದ ಕೂಡಲೇ ನಿಷೇಧದ ಪಟ್ಟಿ ತೆರೆದು ನೋಡು. ನಿನಗಿಂತ ಮೊದಲು ಹತ್ತಾರು ಜನರಿಗೆ ಅದು ಹೊಳೆದಿರುತ್ತದೆ, ನಿಯಮ ಬರೆದವರಿಗೂ ಹೊಳೆದಿರುತ್ತದೆ. ಪಟ್ಟಿಯಲ್ಲಿ ಇಲ್ಲದ್ದೇ ನಿನ್ನ ಪಾಲು.

2014ರಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ಪೋಕೆಮಾನ್ ವಿಶ್ವ ಸ್ಪರ್ಧೆಯನ್ನು ಕೊರಿಯಾದ ಸೆಜುನ್ ಪಾರ್ಕ್ ಗೆದ್ದದ್ದು ಪಚಿರಿಸು ಎಂಬ ಪುಟ್ಟ ಅಳಿಲನ್ನು ಇಟ್ಟುಕೊಂಡು ಎಂದು ಎಲ್ಲರೂ ಹೇಳುತ್ತಾರೆ. ಅಳಿಲಿನ ಮೇಲಿನ ಪ್ರೀತಿಯ ಕಥೆಯಾಗಿ ಹೇಳುತ್ತಾರೆ, ಅದು ನನಗೆ ಹಿಡಿಸುವುದಿಲ್ಲ. ಆ ವರ್ಷ ಕಾಲೋಸ್ ಪ್ರಾಂತ್ಯದ ಪಟ್ಟಿಯಲ್ಲಿರುವವರನ್ನು ಮಾತ್ರ ಆಡಿಸಬೇಕೆಂಬ ಮಿತಿಯಿತ್ತು, ಇಬ್ಬಿಬ್ಬರು ಎದುರಾಗುವ ಡಬಲ್ ಕದನವದು. ಅವನ ತಂಡದ ಗ್ಯಾರಡೋಸ್‌ಗೂ ಟ್ಯಾಲನ್‌ಫ್ಲೇಮ್‌ಗೂ ಎಲೆಕ್ಟ್ರಿಕ್ ಏಟಿನ ಭಯ. ಪಚಿರಿಸು ಫಾಲೋ ಮೀ ಹೇಳಿ ಏಟನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ, ಅದು ಎಲೆಕ್ಟ್ರಿಕ್ ಆಗಿದ್ದರೆ ವೋಲ್ಟ್ ಅಬ್ಸಾರ್ಬ್‌ನಿಂದ ತನ್ನ ಎಚ್‌ಪಿಯನ್ನೇ ತುಂಬಿಕೊಳ್ಳುತ್ತದೆ. ಆ ನಿಯಮಕ್ಕೆ, ಆ ಇಬ್ಬರು ಜೊತೆಗಾರರಿಗೆ ಹೊಂದಿದ ಕೆಲಸಗಾರ ಅದು. ನಿನ್ನ ತಂಡದಲ್ಲಿ ಆ ಕೆಲಸ ಇಲ್ಲದಿದ್ದರೆ ಪಚಿರಿಸುವನ್ನು ಸೇರಿಸಿಕೊಂಡು ಏನೂ ಆಗುವುದಿಲ್ಲ. ಗೆದ್ದವರ ಪಟ್ಟಿ ನಕಲು ಮಾಡುವ ಮುಂಚೆ ಅವರು ಯಾವ ನಿಯಮದಡಿ ಗೆದ್ದರು ಎಂದು ನೋಡು.

ಅಭ್ಯಾಸಕ್ಕೆ ಶೋಡೌನ್ ಸಾಕು, ಬ್ರೌಸರ್‌ನಲ್ಲೇ ನಡೆಯುತ್ತದೆ, ಕಾಸು ಬೇಡ. ಸೋತ ಆಟದ ರೀಪ್ಲೇ ಉಳಿಸಿಟ್ಟುಕೊಂಡು ಮತ್ತೆ ನೋಡು. ವಿಚಿತ್ರ ತಂತ್ರಕ್ಕೆ ಸೋತರೆ ಎದುರಾಳಿಯನ್ನು ಬೈಯಬೇಡ. ಒಂದನೇ ಲೆವೆಲ್ಲಿನ ರಟಾಟ ಫೋಕಸ್ ಸ್ಯಾಶ್ ಕಟ್ಟಿಕೊಂಡು ಒಂದು ಎಚ್‌ಪಿಯಲ್ಲಿ ಉಳಿದು, ಎಂಡೆವರ್‌ನಿಂದ ನಿನ್ನ ದೈತ್ಯನನ್ನೂ ಒಂದು ಎಚ್‌ಪಿಗೆ ಇಳಿಸಿ, ಕ್ವಿಕ್ ಅಟ್ಯಾಕ್‌ನಿಂದ ಮುಗಿಸಿದರೆ ಅದರಲ್ಲಿ ಮೋಸವೇನಿಲ್ಲ. ಆ ಎರಡೂ ಏಟು ನಾರ್ಮಲ್ ಟೈಪಿನವು, ಮಾಮೂಲಿ ಆಟದಲ್ಲಿ ಒಂದು ಘೋಸ್ಟನ್ನು ಒಳಗೆ ಬಿಟ್ಟರೆ ಕಥೆ ಮುಗಿಯಿತು. ಘೋಸ್ಟ್ ಬಿಡುವ ಆ ಉಪಾಯವನ್ನೇ ಇನ್ವರ್ಸ್‌ನಲ್ಲಿ ಮಾಡಲು ಹೋಗಬೇಡ, ಯಾಕೆಂದು ಈಗ ನಿನಗೇ ಗೊತ್ತು.

ಕೊನೆಯದಾಗಿ ದುಡ್ಡಿನ ಮಾತು. ರೇಡ್ ಪಾಸ್‌ಗೆಂದು ಅಪ್ಪನ ಫೋನಿನಿಂದ ಕಾಸು ಕಟ್ಟಬೇಡ. ಗ್ರೇಟ್ ಲೀಗ್ ಆಡುವವನಿಗೆ ಅದರಿಂದ ಬರುವುದು ಕನಿಷ್ಠ 10 ಅಟ್ಯಾಕಿನ ಭಾರ. ಈ ಭಾನುವಾರ ನಿನ್ನ ಪೆಟ್ಟಿಗೆಯಲ್ಲಿ ಉಳಿದಿರುವ ಒಂದೆರಡು ನಕ್ಷತ್ರದವರನ್ನು ಪ್ರೊಫೆಸರ್‌ಗೆ ಕಳಿಸುವ ಮುಂಚೆ ಒಬ್ಬೊಬ್ಬರ ಅಟ್ಯಾಕ್ ಎಷ್ಟಿದೆ ಎಂದು ತೆರೆದು ನೋಡು, ಸೊನ್ನೆಯೋ ಒಂದೋ ಇರುವವರನ್ನು ಬೇರೆ ಇಡು.