ಹದಿನೆಂಟರ ಹುಡುಗನಿಗೆ ಎಷ್ಟು ಸಮಯ ಕೊಡಬೇಕು?



ವ್ಯವಹಾರ ಅಧ್ಯಯನದಲ್ಲಿ ‘ತರಬೇತಿ ಮತ್ತು ಅಭಿವೃದ್ಧಿ’ಯ ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆ ನಮಗೆಲ್ಲ ಗೊತ್ತು. ತರಬೇತಿ ಎಂದರೆ ಇವತ್ತಿನ ಕೆಲಸಕ್ಕೆ ಬೇಕಾದ ಕೌಶಲ ಕಲಿಸುವುದು. ಅಭಿವೃದ್ಧಿ ಎಂದರೆ ಮನುಷ್ಯನನ್ನು ಒಟ್ಟಾರೆಯಾಗಿ ಬೆಳೆಸುವುದು. ನಾನೂ ಇದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಮಾತ್ರ ಎರಡು ಕಡೆ: ಒಂದು ನಮ್ಮ ಕಿರಾಣಿ ಅಂಗಡಿಯಲ್ಲಿ, ಇನ್ನೊಂದು ಐಸ್ ಹಾಕಿಯ ಬಗ್ಗೆ ಓದುವಾಗ.

ಮೊದಲು ಅಂಗಡಿಯ ವಿಷಯ. ಪ್ರಥಮ ಪಿಯುಸಿಯಲ್ಲಿದ್ದಾಗ ಅಬ್ಬಾಗೆ ಹುಷಾರಿಲ್ಲದೆ ಎರಡು ತಿಂಗಳು ಗಲ್ಲಾ ನನ್ನ ಕೈಗೆ ಬಂತು. ‘ಕಾಮರ್ಸ್ ಓದುತ್ತಿದ್ದಾನಲ್ಲ, ನೋಡಿಕೊಳ್ಳುತ್ತಾನೆ’ ಎಂದರು ಚಾಚಾ. ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ‘ಹಳೆಯದು ಕೊಟ್ಟು ಹೊಸದು ಒಯ್ಯಿರಿ’ ಎನ್ನಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಹನ್ನೊಂದು ಸಾವಿರ ರೂಪಾಯಿ ಉದ್ರಿ ವಸೂಲಾಗದೆ ಉಳಿಯಿತು. ಅದೇ ಸಮಯದ ಪರೀಕ್ಷೆಯಲ್ಲಿ ಲೆಕ್ಕಶಾಸ್ತ್ರಕ್ಕೆ ನನಗೆ ನೂರಕ್ಕೆ 29 ಅಂಕ. ಈಗ ದ್ವಿತೀಯ ಪಿಯುಸಿ ಮುಗಿದ ಕೂಡಲೇ ಹೊಸ ಅಂಗಡಿಯೊಂದನ್ನು ನನಗೆ ಒಪ್ಪಿಸುವ ಮಾತು ಮನೆಯಲ್ಲಿ ನಡೆದಿದೆ. ಆದ್ದರಿಂದ ಈ ಲೇಖನದ ಪ್ರಶ್ನೆ ನನ್ನದೇ ಪ್ರಶ್ನೆ.

ಸೋತ ತಂಡಕ್ಕೆ ಮೊದಲ ಸರದಿ

ಹಾಕಿ ಎಂದರೆ ನಮಗೆ ಧ್ಯಾನ್‌ಚಂದ್ ಮತ್ತು ಕೊಡಗು ನೆನಪಾಗುತ್ತವೆ. ನಾನು ಹೇಳುತ್ತಿರುವುದು ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಆಡುವ ಹಾಕಿಯ ಬಗ್ಗೆ. ಅಮೆರಿಕ ಮತ್ತು ಕೆನಡಾದ ವೃತ್ತಿಪರ ತಂಡಗಳು ಎನ್‌ಎಚ್‌ಎಲ್ ಎಂಬ ಲೀಗ್‌ನಲ್ಲಿ ಆಡುತ್ತವೆ. ಗೆದ್ದವರಿಗೆ ಸಿಗುವುದು ಸ್ಟ್ಯಾನ್ಲಿ ಕಪ್. ಅಲ್ಲಿ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. 2021–22ರಲ್ಲಿ ಅದು 8.15 ಕೋಟಿ ಡಾಲರ್. ಹಣವಿದೆ ಎಂದು ಎಲ್ಲ ಒಳ್ಳೆಯ ಆಟಗಾರರನ್ನೂ ಕೊಳ್ಳಲಾಗದು.

ಹಾಗಾಗಿ ಕುಸಿದ ತಂಡ ಹುಡುಗರಿಂದಲೇ ಮತ್ತೆ ಕಟ್ಟಬೇಕು. ಪ್ರತಿ ವರ್ಷ ‘ಡ್ರಾಫ್ಟ್’ ನಡೆಯುತ್ತದೆ. ಹದಿನೆಂಟರ ಆಸುಪಾಸಿನ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಕೆಳಗಿನ ತಂಡಗಳಿಗೆ ಮೊದಲ ಸರದಿಗಳು. ಅವುಗಳ ಕ್ರಮಕ್ಕೆ ಲಾಟರಿ. ಆರಿಸಿದ ಮೇಲೆ ಅವನನ್ನು ಏನು ಮಾಡಬೇಕು ಎಂಬುದೇ ನಿಜವಾದ ಪ್ರಶ್ನೆ.

ಎಡ್ಮಂಟನ್: ಮೂರು ಬಾರಿ ಮೊದಲ ಆಯ್ಕೆ

ಕೆನಡಾದ ಎಡ್ಮಂಟನ್ ಆಯ್ಲರ್ಸ್ ತಂಡಕ್ಕೆ 2010, 2011 ಮತ್ತು 2012ರಲ್ಲಿ ಸತತವಾಗಿ ಮೊದಲ ಆಯ್ಕೆಯ ಭಾಗ್ಯ ಸಿಕ್ಕಿತು: ಟೇಲರ್ ಹಾಲ್, ರಯಾನ್ ನ್ಯೂಜೆಂಟ್-ಹಾಪ್ಕಿನ್ಸ್, ನೈಲ್ ಯಾಕುಪೋವ್. ಮೂವರನ್ನೂ ಮೊದಲ ಋತುವಿನಲ್ಲೇ ದೊಡ್ಡ ಲೀಗ್‌ಗೆ ಇಳಿಸಿದರು. ಆದರೂ 2006–07ರಿಂದ 2015–16ರವರೆಗೆ ಹತ್ತು ಋತು ತಂಡ ಪ್ಲೇಆಫ್ ಮುಖ ನೋಡಲಿಲ್ಲ. ಯಾಕುಪೋವ್ ಅಲ್ಲಿದ್ದ ನಾಲ್ಕು ಋತುಗಳಲ್ಲಿ ಕನಿಷ್ಠ ಮೂರು ಬಾರಿ ತರಬೇತುದಾರರು ಬದಲಾದರು. ಒಬ್ಬರು ಹೇಳಿಕೊಟ್ಟದ್ದು ಮೈಗೆ ಹತ್ತುವ ಮೊದಲೇ ಇನ್ನೊಬ್ಬರು. ಇಪ್ಪತ್ನಾಲ್ಕನೆಯ ವಯಸ್ಸಿಗೆ ಎನ್‌ಎಚ್‌ಎಲ್‌ನಲ್ಲಿ ಅವನ ಆಟ ಮುಗಿದಿತ್ತು.

ಬೇಗ ಇಳಿಸಿದ್ದೇ ತಪ್ಪು ಎಂದು ಹೇಳಿಬಿಟ್ಟರೆ ಅನ್ಯಾಯವಾಗುತ್ತದೆ. ಅದೇ ದಾರಿಯಲ್ಲಿ ಬಂದ ನ್ಯೂಜೆಂಟ್-ಹಾಪ್ಕಿನ್ಸ್ ಹತ್ತು ವರ್ಷ ದಾಟಿಯೂ ಅದೇ ತಂಡದಲ್ಲಿ ನಿಂತ. ಹಾಲ್ 2018ರಲ್ಲಿ ನ್ಯೂಜೆರ್ಸಿ ಪರ ಆಡಿ ಲೀಗ್‌ನ ಅತ್ಯಮೂಲ್ಯ ಆಟಗಾರನಾದ. ತಪ್ಪೆಂದರೆ, ಎಲ್ಲರಿಗೂ ಒಂದೇ ಅಳತೆ ಹಿಡಿದದ್ದು.

ಕೊಲೊರಾಡೊ: ಕಾದು ಬೆಳೆಸಿದ್ದು

ಅಮೆರಿಕದ ಕೊಲೊರಾಡೊ ಅವಲಾಂಚ್ 2016–17ರಲ್ಲಿ 82 ಪಂದ್ಯಗಳಲ್ಲಿ ಗೆದ್ದದ್ದು 22 ಮಾತ್ರ. ಲೀಗ್‌ನಲ್ಲೇ ಕಡೆಯ ಸ್ಥಾನ. ಲಾಟರಿಯಲ್ಲೂ ದುರದೃಷ್ಟ: ಸಿಕ್ಕಿದ್ದು ನಾಲ್ಕನೆಯ ಸರದಿ. ಆದರೂ ಜೇರೆಡ್ ಬೆಡ್ನಾರ್ ಎಂಬ ಹೊಸ ತರಬೇತುದಾರರನ್ನು ಅವರು ಕೈಬಿಡಲಿಲ್ಲ.

ನಾಲ್ಕನೆಯ ಸರದಿಯಲ್ಲಿ ಆರಿಸಿದ್ದು ಕೇಲ್ ಮಕಾರ್ ಎಂಬ ಹುಡುಗನನ್ನು. ತಂಡ ಪಾತಾಳದಲ್ಲಿದ್ದರೂ ಅವನು ಓಡಿಬರಲಿಲ್ಲ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದುತ್ತ ಆಡಿದ. 2019ರಲ್ಲಿ ಕಾಲೇಜು ಹಾಕಿಯ ಶ್ರೇಷ್ಠ ಆಟಗಾರನಾದ. ಏಪ್ರಿಲ್ 13ರಂದು ಕಾಲೇಜು ಫೈನಲ್ ಸೋತ. 15ರಂದು ಕೊಲೊರಾಡೊ ಪರ ಮೊದಲ ಪಂದ್ಯ ಆಡಿ, ಅದರಲ್ಲೇ ಗೋಲು ಹೊಡೆದ. 2022ರಲ್ಲಿ ಬೆಡ್ನಾರ್ ಅವರ ತಂಡ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಅವನೇ.

ಮಿಕ್ಕೊ ರಾಂಟನೆನ್ ಎಂಬ ಫಿನ್ಲೆಂಡಿನ ಹುಡುಗನ ಕಥೆ ಕಾಮರ್ಸ್‌ನವರು ಕೇಳಲೇಬೇಕು. ಹೊಸ ಹುಡುಗರ ಮೊದಲ ಕರಾರು ಸಾಮಾನ್ಯವಾಗಿ ಮೂರು ವರ್ಷದ್ದು. ಸಂಬಳಕ್ಕೆ ಗರಿಷ್ಠ ಮಿತಿ ಉಂಟು. ಆದರೆ ಹದಿನೆಂಟು-ಹತ್ತೊಂಬತ್ತರ ಹುಡುಗ ಹತ್ತಕ್ಕಿಂತ ಕಡಿಮೆ ಪಂದ್ಯ ಆಡಿದರೆ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ. 2015–16ರಲ್ಲಿ ರಾಂಟನೆನ್ ದೊಡ್ಡ ಲೀಗ್‌ನಲ್ಲಿ ಆಡಿದ್ದು ಸರಿಯಾಗಿ 9 ಪಂದ್ಯ. ಗೋಲೂ ಇಲ್ಲ, ಗೋಲಿಗೆ ನೆರವೂ ಇಲ್ಲ. ಅವನನ್ನು ಕೆಳಗಿನ ಲೀಗ್‌ನ ಸ್ಯಾನ್ ಆಂಟೋನಿಯೊ ತಂಡಕ್ಕೆ ಕಳಿಸಿದರು. ಅಲ್ಲಿ 52 ಪಂದ್ಯಗಳಲ್ಲಿ ಗೋಲು, ನೆರವು ಸೇರಿ 60 ಅಂಕ ಗಳಿಸಿದ. ಮುಂದೆ ಅವನೂ ಕಪ್ ಗೆದ್ದ ತಂಡದ ಆಧಾರವಾದ.

ಇದರಲ್ಲಿ ತಂಡಕ್ಕೂ ಲಾಭವಿದೆ ಎಂಬುದನ್ನು ಮರೆಯಬಾರದು. ಹುಡುಗ ಹಣ್ಣಾದ ಮೇಲೆ ಕಡಿಮೆ ಸಂಬಳದ ಮೂರು ವರ್ಷ ಅವರ ಕೈಗೆ ಸಿಗುತ್ತವೆ. ಹುಡುಗನಿಗೆ ತಡವಾಗುವ ದೊಡ್ಡ ಸಂಬಳವೇ ಅವನ ಅವಕಾಶ ವೆಚ್ಚ. ಕಾಯುವುದು ಪುಕ್ಕಟೆಯಲ್ಲ.

ಕೊಲೊರಾಡೊ ಎಲ್ಲರನ್ನೂ ಕಾಯಿಸಲಿಲ್ಲ ಎಂಬುದೂ ಮುಖ್ಯ. 2013ರ ಮೊದಲ ಆಯ್ಕೆ ನೇಥನ್ ಮೆಕಿನ್ನನ್ ಹದಿನೆಂಟಕ್ಕೇ ಆಡಿ ವರ್ಷದ ಶ್ರೇಷ್ಠ ಹೊಸ ಆಟಗಾರನಾದ. ಸಿದ್ಧನಿದ್ದವನನ್ನು ಇಳಿಸಿದರು, ಸಿದ್ಧನಾಗುತ್ತಿದ್ದವನನ್ನು ಕಾದರು.

ನನ್ನ ಲೆಕ್ಕ

ಯಂತ್ರ ಕೊಂಡರೆ ಮೊದಲ ವರ್ಷದಿಂದಲೇ ಸವಕಳಿ ಕಳೆಯುತ್ತೇವೆ. ಮನುಷ್ಯನ ಲೆಕ್ಕ ತಿರುಗುಮುರುಗು: ಸರಿಯಾಗಿ ಬೆಳೆಸಿದರೆ ಬೆಲೆ ಏರುತ್ತ ಹೋಗುತ್ತದೆ, ಅವಸರದಲ್ಲಿ ದುಡಿಸಿದರೆ ಹೊಸದರಲ್ಲೇ ಸವೆಯುತ್ತಾನೆ. ಬೆಳೆಯಲು ಬೇಕಾದದ್ದು ಮೂರು: ತಪ್ಪು ಮಾಡಿದರೂ ಮುಳುಗದಂಥ ಸಣ್ಣ ಜಾಗ, ಪದೇ ಪದೇ ಬದಲಾಗದ ಒಬ್ಬ ಗುರು, ಮತ್ತು ಅವರವರ ಅಳತೆಯ ಸಮಯ.

ಆ ಹನ್ನೊಂದು ಸಾವಿರದ ನಂತರ ಅಬ್ಬಾ ನನ್ನನ್ನು ಅಂಗಡಿಯಿಂದ ಓಡಿಸಲಿಲ್ಲ, ಗಲ್ಲಾದ ಮೇಲೂ ಕೂರಿಸಲಿಲ್ಲ. ಭಾನುವಾರಗಳಂದು ಹತ್ತೇ ಮನೆಗಳ ಉದ್ರಿ ಪುಸ್ತಕ ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು. ‘ಬೇಟಾ, ಸಬ್ರ್ ಎಂದರೆ ಸುಮ್ಮನೆ ಕೂರುವುದಲ್ಲ’ ಎನ್ನುತ್ತಿದ್ದರು. ಈಗ ಆ ಹತ್ತು ಮನೆಗಳ ಲೆಕ್ಕದಲ್ಲಿ ಒಂದು ರೂಪಾಯಿಯೂ ಬಾಕಿಯಿಲ್ಲ. ಲೆಕ್ಕಶಾಸ್ತ್ರದ ಅಂಕ 29ರಿಂದ 67ಕ್ಕೆ ಬಂದಿದೆ.

ಹೊಸ ಅಂಗಡಿಗೆ ನಾನು ‘ಇಲ್ಲ’ ಎಂದಿಲ್ಲ. ಬಿ.ಕಾಂ. ಮುಗಿಯುವವರೆಗೆ ಭಾನುವಾರ ಮಾತ್ರ ಬರುತ್ತೇನೆ, ಆಮೇಲೆ ಪೂರ್ತಿ ಬರುತ್ತೇನೆ ಎಂದು ಕೇಳಿದ್ದೇನೆ. ಚಾಚಾ ಇನ್ನೂ ಒಪ್ಪಿಲ್ಲ. ಈ ಲೇಖನವನ್ನು ಅವರಿಗೂ ಉರ್ದುವಿನಲ್ಲಿ ಹೇಳಿ ಕೇಳಿಸಬೇಕು.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಇಂಥ ಮಾತು ನಡೆದಿದ್ದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನಾನು ಈಗ ಸಿದ್ಧನಿದ್ದೇನೆಯೇ? ಇಲ್ಲವಾದರೆ, ಸಿದ್ಧನಾಗಲು ಈ ವಾರ ಏನು ಮಾಡುತ್ತಿದ್ದೇನೆ? ಎರಡನೆಯದಕ್ಕೆ ಉತ್ತರವಿಲ್ಲದವನು ಸಮಯ ಕೇಳಬಾರದು.