ಹುಣಸೆ ಬೀಜದಲ್ಲಿ ಘಾತಾಂಕ

ತರಗತಿ: 8. ವಿಷಯ: ಗಣಿತ. ಘಟಕ: ಘಾತಾಂಕಗಳು. ಅವಧಿ: 40 ನಿಮಿಷ.

ಈ ಪಾಠ ಹುಟ್ಟಿದ್ದು ನನ್ನ ಸೋದರಮಾವನಿಂದ. ದೋಣಿಮಲೈ ಕಡೆ ಅದಿರು ಲಾರಿ ಓಡಿಸುವ ಅವರು, ಜನ 'ಚೈನ್ ಲಿಂಕ್' ಎನ್ನುವ ಯೋಜನೆಯೊಂದಕ್ಕೆ ಸೇರಲು ಹೊರಟಿದ್ದರು. ಹಣ ಕಟ್ಟಿ ತಮ್ಮ ಕೆಳಗೆ ಆರು ಜನರನ್ನು ಸೇರಿಸಬೇಕು. ಆ ಆರರಲ್ಲಿ ಮೊದಲನೆಯವಳು ನಾನು. "ಬ್ಯಾಡ ಮಾವ, ಇದು ಮೋಸ. ಆಸೆಗೆ ಬೀಳಬ್ಯಾಡ್ರಿ" ಎಂದೆ. "ನಾಲ್ಕಕ್ಷರ ಕಲ್ತು ನನಗ ಬುದ್ಧಿ ಹೇಳ್ತೀಯೇನು?" ಎಂದು ಎದ್ದು ಹೋದರು.

ಅಂದು ತರಗತಿಯಲ್ಲಿ 42 ಮಕ್ಕಳಿದ್ದರು. ನಾನು ಮೇಲೆ ಒಬ್ಬಳು, ಕೆಳಗೆ 6, ಅವರ ಕೆಳಗೆ 36. ಪ್ರತಿ ಮಗುವಿಗೂ 5 ಹುಣಸೆ ಬೀಜ ಕೊಟ್ಟೆ. ಮೊದಲ ಆರು ಮಕ್ಕಳು ಐದನ್ನೂ ನನಗೆ ಕೊಟ್ಟರು. ಉಳಿದವರು ತಮ್ಮನ್ನು ಸೇರಿಸಿದವರಿಗೆ 3, ನನಗೆ 2 ಕೊಟ್ಟರು. ನನ್ನ ಮೇಜಿನ ಮೇಲೆ 102 ಬೀಜ, ಆ ಆರು ಮಕ್ಕಳಿಗೆ ತಲಾ 18, 36 ಮಕ್ಕಳ ಕೈ ಖಾಲಿ. ಯಾರೂ ಏನನ್ನೂ ಮಾರಿರಲಿಲ್ಲ. 6⁰ ಎಂದರೆ ಸೊನ್ನೆ ಎನ್ನುತ್ತಿದ್ದವರಿಗೆ ಮೇಲೆ ಕೂತ ಆ 'ಒಂದು' ಯಾರೆಂದು ವಿವರಿಸಬೇಕಾಗಲೇ ಇಲ್ಲ!

ಬಳಿಕ ಕಪ್ಪುಹಲಗೆಯಲ್ಲಿ ಮುಂದುವರಿಸಿದೆವು. 6⁹ = 1,00,77,696. 2011ರ ಜನಗಣತಿಯಲ್ಲಿ ಅವಿಭಜಿತ ಬಳ್ಳಾರಿ ಜಿಲ್ಲೆಯ ಜನಸಂಖ್ಯೆಯೇ ಸುಮಾರು 24.5 ಲಕ್ಷ. 6¹⁰ ಎಂದರೆ ಸುಮಾರು 6.05 ಕೋಟಿ, ಆಗಿನ ಇಡೀ ಕರ್ನಾಟಕ 6.11 ಕೋಟಿ. ಸಾಲು ಎಲ್ಲಿ ನಿಂತರೂ ಒಟ್ಟು ಸದಸ್ಯರಲ್ಲಿ ಆರರಲ್ಲಿ ಐದು ಪಾಲು ಕೊನೆಯ ಸಾಲಿನಲ್ಲೇ ಇರುತ್ತಾರೆ.

"ಸರ್ಕಾರ ಸುಮ್ನಿರ್ತದಾ ಮಿಸ್?" ಎಂದೊಬ್ಬ ಕೇಳಿದ. ಹೊಸಬರು ಕಟ್ಟಿದ ಹಣದಿಂದಲೇ ಹಳಬರಿಗೆ ಕೊಡುವ ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆ ನಿಷೇಧಿಸಿದೆ. ನಡೆಸುವುದಷ್ಟೇ ಅಲ್ಲ, ಸದಸ್ಯರಾಗುವುದೂ ತಪ್ಪು. 2021ರ ನೇರ ಮಾರಾಟ ನಿಯಮಗಳು ವಸ್ತು ಮಾರಿ ಗಳಿಸಲು ಅವಕಾಶ ಕೊಟ್ಟು, ಪಿರಮಿಡ್ ಯೋಜನೆಯನ್ನು ತಡೆಯುತ್ತವೆ. ಇಷ್ಟನ್ನು ಹೇಳಿದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಕೊನೆಯ ಸಾಲಿನವರ ಸಪ್ಪೆ ಮುಖ ನೋಡಿ, "ಆಸೆಬುರುಕರಿಗೆ ಹಿಂಗೇ ಆಗೋದು" ಎಂದುಬಿಟ್ಟೆ. ತರಗತಿ ನಕ್ಕಿತು. ಗಂಟೆಯಾದ ಮೇಲೆ ಹುಡುಗಿಯೊಬ್ಬಳು ಬಂದು ಮೆಲ್ಲಗೆ, "ನಮ್ಮವ್ವ ಕಟ್ಯಾಳ ಮಿಸ್" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ಲೆಕ್ಕ ಸರಿ, ನಗಿಸಿದ್ದು ಸರಿಯಲ್ಲ." ಮಾವನ ಮುಂದೆ ಆಡಿದ ಮಾತನ್ನೇ ಇಲ್ಲಿಯೂ ಆಡಿದ್ದೆ. ಪರಿಷ್ಕೃತ ಪಾಠಯೋಜನೆಯಲ್ಲಿ ಆ ಮಾತು ತೆಗೆದು, "ನೀನು ಯಾವ ಸಾಲಿನಲ್ಲಿರುವೆ? ಅದು ನಿನಗೆ ಹೇಗೆ ಗೊತ್ತಾಗುತ್ತದೆ?" ಎಂಬ ಪ್ರಶ್ನೆಗಳನ್ನು ಸೇರಿಸಿದ್ದೇನೆ.

ಭಾನುವಾರ ಅದೇ ಬೀಜಗಳನ್ನು ಮಾವನ ಮನೆಗೆ ಒಯ್ದೆ. 'ಮೋಸ' ಎನ್ನಲಿಲ್ಲ. ಅವರೇ ಜೋಡಿಸುತ್ತ ಹೋಗಿ ನಾಲ್ಕನೇ ಸಾಲಿಗೆ ಬೀಜ ಸಾಲದೆ ನಿಂತರು. "ಇದ್ರಾಗ ನಾ ಎಲ್ಲಿದೀನಿ?" ಎಂದರು.

"ನಿಮಗ ಹೇಳಿದವರನ್ನೇ ಕೇಳ್ರಿ ಮಾವ."

ಕೇಳಿದರಂತೆ. ಅದನ್ನೆಲ್ಲ ಕೇಳಬಾರದು, ನಂಬಿಕೆ ಇರಬೇಕು ಎಂದರಂತೆ. ಅರ್ಜಿ ಇನ್ನೂ ಮಾವನ ಟ್ರಂಕಿನಲ್ಲಿದೆ, ಹಣ ಕಟ್ಟಿಲ್ಲ.