ಎಂಟು ಜನ ಪೋಕರಿಗೆ ಕೂತರೆ ಎಷ್ಟು ಚಿಪ್ಸ್ ಬೇಕು?

ಪ್ರಶ್ನೆ: ನಾವು ಎಂಟು ಜನ ಗೆಳೆಯರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಟೆಕ್ಸಾಸ್ ಹೋಲ್ಡೆಮ್ ಪೋಕರ್ ಆಡುತ್ತೇವೆ. ಬ್ಲೈಂಡ್ 5–10 ರೂಪಾಯಿ. ಶುರುವಿಗೆ ತಲಾ ಸಾವಿರ ರೂಪಾಯಿಯ ಚಿಪ್ಸ್ ತಗೊಳ್ಳುತ್ತೇವೆ. ಈಗಿರುವ ಪ್ಲಾಸ್ಟಿಕ್ ಸೆಟ್ಟಿನಲ್ಲಿ ಅರ್ಧ ಗಂಟೆಯೊಳಗೆ ಚಿಲ್ಲರೆ ಮುಗಿದು ಗಲಾಟೆ ಶುರುವಾಗುತ್ತದೆ. ಹೊಸದು ಕೊಳ್ಳೋಣವೆಂದರೆ 300, 500, 1000 ಎಂದು ಬೇರೆ ಬೇರೆ ಪೆಟ್ಟಿಗೆಗಳಿವೆ. ಯಾವುದು ಸಾಕು? ಯಾವ ಬಣ್ಣಕ್ಕೆ ಎಷ್ಟು ಬೆಲೆ ಇಡಬೇಕು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ‘ಚಿಲ್ಲರೆ ಮುಗಿದು ಗಲಾಟೆ’ ಎಂದಿದ್ದೀರಲ್ಲ, ಕಾಯಿಲೆ ಯಾವುದೆಂದು ನೀವೇ ಹೇಳಿದ ಹಾಗಾಯಿತು. ಹೆಚ್ಚಿನವರು ಹೀಗೆ ಹೇಳುವುದಿಲ್ಲ. ‘ಚಿಪ್ಸ್ ಸಾಲುತ್ತಿಲ್ಲ’ ಎನ್ನುತ್ತಾರೆ, ಸಾವಿರದ ಪೆಟ್ಟಿಗೆ ತರಿಸುತ್ತಾರೆ, ಆಮೇಲೂ ಅದೇ ಗಲಾಟೆ. ಬೆಳಗಿನ ಮೊದಲ ಟ್ರಿಪ್ಪಿನ ಬಸ್ಸು ಹತ್ತಿದವರೆಲ್ಲ ಐನೂರರ ನೋಟು ಚಾಚಿದರೆ ಕಂಡಕ್ಟರ್ ಏನು ಮಾಡುತ್ತಾರೆ ನೋಡಿದ್ದೀರಲ್ಲ? ಚೀಲದ ತುಂಬ ದುಡ್ಡಿದ್ದರೂ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ. ನಿಮ್ಮ ಮೇಜಿನ ಪಾಡೂ ಅದೇ. ಹಾಗಾಗಿ ಒಟ್ಟು ಎಷ್ಟು ಎನ್ನುವುದನ್ನು ಆಮೇಲೆ ನೋಡೋಣ. ಮೊದಲು ಚಿಕ್ಕ ಬೆಲೆಯ ಎರಡು ಬಿಲ್ಲೆಗಳ ಲೆಕ್ಕ ಸರಿಮಾಡಿಕೊಳ್ಳೋಣ.

ಒಂದು ಕೈ ಆಡಿ ನೋಡಿ. ಬ್ಲೈಂಡ್ ಐದು, ಹತ್ತು ಬಿದ್ದಿದೆ. ಒಬ್ಬರು ಮೂವತ್ತಕ್ಕೆ ಏರಿಸುತ್ತಾರೆ, ಇನ್ನಿಬ್ಬರು ಅಷ್ಟೇ ಹಾಕಿ ಕೂರುತ್ತಾರೆ, ಬ್ಲೈಂಡ್ ಇಟ್ಟ ಇಬ್ಬರೂ ಎಲೆ ಎಸೆಯುತ್ತಾರೆ. ಪಾಟ್‌ನಲ್ಲಿ ಈಗ 105 ರೂಪಾಯಿ. ಮೂರು ಎಲೆ ತೆರೆದ ಮೇಲೆ ಒಬ್ಬರು ಅರವತ್ತು ಇಡುತ್ತಾರೆ, ಒಬ್ಬರು ಒಪ್ಪುತ್ತಾರೆ, ಮೂರನೆಯವರು ಬಿಡುತ್ತಾರೆ. ಪಾಟ್ 225 ಆಯಿತು. ನಾಲ್ಕನೆಯ ಎಲೆಗೆ ನೂರೋ ನೂರಿಪ್ಪತ್ತೋ ಬೀಳುತ್ತದೆ. ಇಂಥ ಕೈಗಳೇ ರಾತ್ರಿಯುದ್ದಕ್ಕೂ ನಡೆಯುವುದು. ಐನೂರರ ಬಿಲ್ಲೆ ಮೇಜಿನ ಮಧ್ಯಕ್ಕೆ ಬರುವುದು ಯಾರೋ ಇದ್ದದ್ದನ್ನೆಲ್ಲ ತಳ್ಳಿದಾಗ ಮಾತ್ರ. ಮಿಕ್ಕ ಹೊತ್ತೆಲ್ಲ ಮೈಮುರಿದು ದುಡಿಯುವುದು ಐದರದು ಮತ್ತು ಅದರ ಮೇಲಿನದು. ಈ ಮೇಲಿನದು ಎಷ್ಟರದ್ದಿರಬೇಕು ಎನ್ನುವುದರಲ್ಲೇ ನಿಮ್ಮ ಸೆಟ್ಟಿನ ಯೋಗ್ಯತೆ ನಿಂತಿದೆ.

ಒಂದು ಬೆಲೆಗೂ ಅದರ ಮುಂದಿನ ಬೆಲೆಗೂ ನಾಲ್ಕೈದು ಪಟ್ಟು ಅಂತರ ಇರಲಿ ಎನ್ನುವುದು ಹಳಬರು ಪಾಲಿಸುವ ಕ್ರಮ. 5, 10, 25, 50, 100 ಎಂದು ಐದು ಬಣ್ಣ ಹರಡಿಕೊಂಡು ಕೂತರೆ ನೋಡಲು ಚೆಂದ, ಆಡಲು ತಲೆನೋವು. ಎದುರಿನವರ ಗುಡ್ಡೆಯಲ್ಲಿ ಎಷ್ಟಿದೆ ಎಂದು ಕಣ್ಣಳತೆಗೆ ಸಿಗುವುದಿಲ್ಲ. ದೊಡ್ಡ ಬ್ಲೈಂಡ್ ಹತ್ತು ರೂಪಾಯಿ ಎಂಬ ಒಂದೇ ಕಾರಣಕ್ಕೆ ಹತ್ತರ ಬಿಲ್ಲೆ ಬೇಕೇಬೇಕು ಎನ್ನುವವರಿದ್ದಾರೆ. ಅದರಿಂದ ಉಳಿಯುವುದು ಒಂದು ಬಿಲ್ಲೆ, ಹೆಚ್ಚುವುದು ಒಂದು ಬಣ್ಣ. ಹತ್ತರದನ್ನೂ ಐವತ್ತರದನ್ನೂ ಬಿಟ್ಟುಬಿಡಿ.

ಇನ್ನು ಇಪ್ಪತ್ತೋ ಇಪ್ಪತ್ತೈದೋ? ಅಮೆರಿಕದ ಕ್ಯಾಸಿನೊಗಳ ರೂಢಿ ಇಪ್ಪತ್ತೈದು. ಅಲ್ಲಿ ಸಾಮಾನ್ಯವಾಗಿ ಬಿಳಿ ಒಂದು ಡಾಲರ್, ಕೆಂಪು ಐದು, ಹಸಿರು ಇಪ್ಪತ್ತೈದು, ಕಪ್ಪು ನೂರು, ನೇರಳೆ ಐನೂರು. ನ್ಯೂಜೆರ್ಸಿಯಲ್ಲಂತೂ ಯಾವ ಬೆಲೆಗೆ ಯಾವ ಬಣ್ಣ ಎಂದು ಸರ್ಕಾರದ ನಿಯಮವೇ ಹೇಳುತ್ತದೆ. ಅವರ ಜೇಬಿನಲ್ಲಿ ಇಪ್ಪತ್ತೈದು ಸೆಂಟಿನ ನಾಣ್ಯ ಇಂದಿಗೂ ಓಡಾಡುತ್ತಿದೆ, ಆ ಲೆಕ್ಕ ಬೆರಳ ತುದಿಯಲ್ಲಿರುತ್ತದೆ. ನಮ್ಮ ನಾಲ್ಕಾಣೆ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು. ಅದರ ಜೊತೆ ಇಪ್ಪತ್ತೈದರ ಮಗ್ಗಿಯೂ ಹೋದಂತಿದೆ.

ನಾನು ಇಪ್ಪತ್ತರ ಪಕ್ಷ. ಅಭಿಮಾನಕ್ಕಲ್ಲ, ಲೆಕ್ಕಕ್ಕೆ. ನಿಮ್ಮ ಆಟದಲ್ಲಿ ಮತ್ತೆ ಮತ್ತೆ ಬರುವ ಮೊತ್ತ ಮೂವತ್ತು, ನಲವತ್ತು, ಅರವತ್ತು, ಎಂಬತ್ತು. ಇಪ್ಪತ್ತರ ಬಿಲ್ಲೆ ಇದ್ದರೆ ಈ ನಾಲ್ಕನ್ನೂ ಕಟ್ಟಲು ಐದರದು ಎರಡೇ ಸಾಕು, ಅದೂ ಮೂವತ್ತಕ್ಕೆ ಮಾತ್ರ. ಇಪ್ಪತ್ತೈದರದಾದರೆ ಮೂವತ್ತಕ್ಕೆ ಒಂದು, ನಲವತ್ತಕ್ಕೆ ಮೂರು, ಅರವತ್ತಕ್ಕೆ ಎರಡು, ಎಂಬತ್ತಕ್ಕೆ ಒಂದು, ಒಟ್ಟು ಏಳು ಬೇಕು. ಚಿಲ್ಲರೆ ಎಲ್ಲಿ ಸೋರಿಹೋಗುತ್ತಿದೆ ಎಂದು ಈಗ ಗೊತ್ತಾಯಿತಲ್ಲ? ನಿಮ್ಮ ಹಳೆಯ ಸೆಟ್ಟಿನಲ್ಲಿ ಇಪ್ಪತ್ತೈದೇ ಅಚ್ಚಾಗಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಹಾಗಾದರೆ ನಾಲ್ಕೇ ಬೆಲೆ: 5, 20, 100, 500. ಶುರುವಿನ ಸಾವಿರಕ್ಕೆ ಒಬ್ಬೊಬ್ಬರಿಗೆ ಐದರದು 12, ಇಪ್ಪತ್ತರದು 12, ನೂರರದು 7 ಕೊಡಿ. ಅರವತ್ತು, ಇನ್ನೂರ ನಲವತ್ತು, ಏಳುನೂರು. ಕೈಗೆ ಮೂವತ್ತೊಂದು ಬಿಲ್ಲೆ ಬಂತು, ಎಂಟು ಜನಕ್ಕೆ 248. ಐದರದು ಹನ್ನೆರಡೇ ಆಯಿತಲ್ಲ ಎಂದು ಅಂಜಬೇಡಿ. ಅವು ಮೇಜು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಒಬ್ಬರ ಮುಂದಿನಿಂದ ಇನ್ನೊಬ್ಬರ ಮುಂದೆ ಹೋಗಿ ಕೂರುತ್ತವೆ. ನಿಮ್ಮಲ್ಲಿ ಮುಗಿದರೆ ಪಕ್ಕದವರಿಗೆ ಇಪ್ಪತ್ತರದೊಂದು ಕೊಟ್ಟು ನಾಲ್ಕು ಈಸಿಕೊಳ್ಳಿ, ಬ್ಯಾಂಕಿನವರನ್ನು ಎಬ್ಬಿಸಬೇಕಾಗಿಲ್ಲ.

ಈಗ ಅಂಗಡಿಯ ಪೆಟ್ಟಿಗೆಗೆ ಬನ್ನಿ. 248 ತಾನೇ, 300ರ ಸೆಟ್ ಸಾಕು ಅನಿಸುತ್ತದೆ. ಅಲ್ಲೇ ಎಡವುವುದು. 300ರ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬಿಳಿ 100, ಮಿಕ್ಕ ನಾಲ್ಕು ಬಣ್ಣ ತಲಾ 50 ಇರುತ್ತವೆ. ನಿಮಗೆ ಇಪ್ಪತ್ತರದೇ 96 ಬೇಕು, ಇರುವುದು 50. ನೂರರದು 56 ಬೇಕು, ಅದೂ 50. ಆರು ಜನರಾಗಿದ್ದರೆ ತಲಾ ಐದರದು 16, ಇಪ್ಪತ್ತರದು 6, ನೂರರದು 8 ಎಂದು ಅಳೆದೂ ಸುರಿದೂ ಸರಿದೂಗಿಸಬಹುದಿತ್ತು. ಎಂಟಕ್ಕೆ ಆಗದು. 500ರಲ್ಲಿ ಹೆಚ್ಚಾಗಿ ಕಾಣುವ ಹಂಚಿಕೆ ಎರಡು ಬಣ್ಣ ತಲಾ 150, ಒಂದು 100, ಇನ್ನೆರಡು ತಲಾ 50. 150ರ ಎರಡು ಬಣ್ಣಗಳನ್ನು ಐದಕ್ಕೂ ಇಪ್ಪತ್ತಕ್ಕೂ ಇಡಿ, 100 ಇರುವುದನ್ನು ನೂರಕ್ಕೆ, 50ರ ಒಂದನ್ನು ಐನೂರಕ್ಕೆ. ಒಟ್ಟು 38,750 ರೂಪಾಯಿ ಬೆಲೆ ಕೂಡುತ್ತದೆ. ಎಂಟರ ಜಾಗದಲ್ಲಿ ಹತ್ತು ಜನ ಬಂದು ಕೂತರೂ ಇದೇ ಹಂಚಿಕೆ ನಡೆಯುತ್ತದೆ. ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನೋಡಬೇಡಿ, ಬಣ್ಣವಾರು ಎಷ್ಟೆಷ್ಟು ಎಂಬ ಸಾಲನ್ನು ಓದಿ. ಸಾವಿರದ ಪೆಟ್ಟಿಗೆ ಎರಡು ಮೇಜು ಹಾಕುವವರಿಗೆ.

ಅಂಕಿ ಅಚ್ಚಾದದ್ದೋ, ಬರೀ ಬಣ್ಣದ್ದೋ? ಅಂಕಿ ಇಲ್ಲದ್ದನ್ನೇ ಕೊಳ್ಳಿ. ಅಂಕಿ ಇರುವ ಅಗ್ಗದ ಸೆಟ್ಟುಗಳಲ್ಲಿ ಬಹುಪಾಲು ಟೂರ್ನಮೆಂಟಿಗೆ ಹೊಂದುವಂಥವು. ನೂರು, ಐನೂರು, ಸಾವಿರ, ಐದು ಸಾವಿರ ಎಂದು ಬರೆದಿರುತ್ತದೆ. ‘ನೂರು ಅಂದರೆ ನಮಗೆ ಐದು ಅಂದುಕೊಳ್ಳೋಣ’ ಎಂದು ಶುರುಮಾಡಿದ ಆಟ ಮಧ್ಯರಾತ್ರಿಯ ಹೊತ್ತಿಗೆ ಎಲ್ಲಿ ಬಂದು ನಿಲ್ಲುತ್ತದೆಂದು ಬಿಡಿಸಿ ಹೇಳಬೇಕೇ? ಬರೀ ಬಣ್ಣದ್ದಾದರೆ ಬೆಲೆಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಟ್ಟರಾಯಿತು. 5, 25, 100, 500 ಎಂದು ಅಚ್ಚಾದದ್ದೇ ಸಿಕ್ಕಿದರೆ ಬಿಡಬೇಕಾಗಿಲ್ಲ. ಐದರದು 15, ಇಪ್ಪತ್ತೈದರದು 9, ನೂರರದು 7 ಕೊಟ್ಟರೂ ಸಾವಿರವಾಗುತ್ತದೆ.

ತೂಕದ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯವರು ಹೇಳದೆ ಬಿಡುವುದಿಲ್ಲ. 11.5 ಗ್ರಾಂ, 14 ಗ್ರಾಂ ಎಂದು ಏರಿಸುತ್ತ ಹೋಗುತ್ತಾರೆ. ಆ ತೂಕ ಬರುವುದು ಪ್ಲಾಸ್ಟಿಕ್ಕಿನ ಒಳಗೆ ಹುದುಗಿಸಿದ ಲೋಹದ ಬಿಲ್ಲೆಯಿಂದ. ಕ್ಯಾಸಿನೊದಲ್ಲಿ ಬಳಸುವ ಜೇಡಿಮಿಶ್ರಿತ ಚಿಪ್ ಸಾಮಾನ್ಯವಾಗಿ ಹತ್ತು ಗ್ರಾಮಿನ ಆಸುಪಾಸಿನಲ್ಲೇ ಇರುತ್ತದೆ. 11.5 ಗ್ರಾಮಿನ 500 ಬಿಲ್ಲೆ ಎಂದರೆ ಪೆಟ್ಟಿಗೆ ಬಿಟ್ಟು ಐದೂಮುಕ್ಕಾಲು ಕಿಲೋ. ತಿಂಗಳಿಗೊಂದು ಮನೆಗೆ ಹೊತ್ತೊಯ್ಯುವವರು ನೀವು, ಆಲೋಚಿಸಿ. ಅಂಚು ಒರಟಾಗಿದ್ದು, ಇಪ್ಪತ್ತರ ಸ್ತಂಭ ಕಟ್ಟಿದರೆ ಜಾರದೆ ನಿಲ್ಲುತ್ತದೆಯೇ ಎಂದು ಮಾತ್ರ ನೋಡಿ. ಇಪ್ಪತ್ತಿಪ್ಪತ್ತು ಜೋಡಿಸುವ ರೂಢಿ ಹಾಕಿಕೊಂಡರೆ ಎಣಿಕೆ ಕಣ್ಣಿನಲ್ಲೇ ಮುಗಿಯುತ್ತದೆ. ಐದರದೊಂದು ಸ್ತಂಭ ನೂರು, ಇಪ್ಪತ್ತರದೊಂದು ಸ್ತಂಭ ನಾನೂರು.

ಸೋತವರು ಮತ್ತೆ ಸಾವಿರ ಕೊಟ್ಟು ಚಿಪ್ಸ್ ಕೊಂಡಾಗ ಚಿಕ್ಕ ಬಿಲ್ಲೆ ಕೊಡಬೇಡಿ. ಐನೂರರದು ಒಂದು, ನೂರರದು ಐದು ಸಾಕು. ಅವರ ಚಿಕ್ಕ ಬಿಲ್ಲೆಗಳು ಗೆದ್ದವರ ಮುಂದೆ ಗುಡ್ಡೆ ಬಿದ್ದಿರುತ್ತವೆ, ನೂರರದೊಂದು ಕೊಟ್ಟು ಅಲ್ಲಿಂದ ಮುರಿಸಿಕೊಳ್ಳಲಿ. ಪ್ರತಿ ಸಲವೂ ಪೆಟ್ಟಿಗೆಯಿಂದ ಐದರದನ್ನೇ ಎತ್ತಿ ಕೊಡುತ್ತ ಹೋದರೆ ಹತ್ತು ಗಂಟೆಗೆ ಪೆಟ್ಟಿಗೆ ಖಾಲಿ, ಗೆದ್ದವರ ಮುಂದೆ ಕೋಟೆ. ಎಷ್ಟೋ ಮನೆಗಳಲ್ಲಿ ‘ಚಿಪ್ಸ್ ಸಾಲುವುದಿಲ್ಲ’ ಎನ್ನುವ ದೂರು ಹುಟ್ಟುವುದು ಇಲ್ಲೇ.

ನಮ್ಮ ಊರಿನಲ್ಲಿ ಯುಗಾದಿಯ ಮಾರನೆಯ ದಿನ ಜಗಲಿಯ ಮೇಲೆ ರಮ್ಮಿ ನಡೆಯುತ್ತಿತ್ತು. ಚಿಪ್ಸ್ ಎಲ್ಲಿಂದ ಬರಬೇಕು? ಹುಣಸೆ ಬೀಜವೇ ಚಿಲ್ಲರೆ, ಅವರೆಬೀಜ ದೊಡ್ಡ ನೋಟು. ಒಂದು ವರ್ಷ ಸಂಜೆ ಲೆಕ್ಕ ಹಾಕಿದರೆ ಹಂಚಿದ್ದಕ್ಕಿಂತ ನಲವತ್ತು ಹುಣಸೆ ಬೀಜ ಹೆಚ್ಚಿಗೆ ಬಂದವು. ಅಡುಗೆಮನೆಯ ಡಬ್ಬಿಗೂ ದೊಡ್ಡಪ್ಪನ ಜೇಬಿಗೂ ಆ ಮಧ್ಯಾಹ್ನ ಏನೋ ವ್ಯವಹಾರ ನಡೆದಿತ್ತು. ದೊಡ್ಡಪ್ಪ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಕೊಂಡ ಚಿಪ್ಸಿಗೂ ಇದೇ ಪಾಠ: ಎಷ್ಟು ಹೊರಗೆ ಹೋಗಿದೆ ಎಂಬುದು ಒಂದು ಕಡೆ ಬರೆದಿರಬೇಕು. ಒಬ್ಬರೇ ಬ್ಯಾಂಕು. ಕಾಗದದ ಮೇಲೆ ಎಂಟು ಹೆಸರು, ಸಾವಿರಕ್ಕೊಂದು ಗೀಟು. ಆಟ ಮುಗಿದಾಗ ಹದಿಮೂರು ಗೀಟಿದ್ದರೆ ಎಲ್ಲರ ಮುಂದಿನ ಚಿಪ್ಸ್ ಕೂಡಿ ಹದಿಮೂರು ಸಾವಿರ ಬರಲೇಬೇಕು. ಬಂದ ಮೇಲೆಯೇ ಯುಪಿಐ. ನಡುವೆ ಒಬ್ಬರಿಗೊಬ್ಬರು ಫೋನಿನಲ್ಲಿ ಕಳಿಸಿಕೊಂಡು ಚಿಪ್ಸ್ ಕೈ ಬದಲಾಯಿಸುವುದು ಬೇಡ, ಗೀಟು ತಪ್ಪುತ್ತದೆ.

ಕೇಳದಿದ್ದರೂ ಹೇಳಬೇಕಾದ ಇನ್ನೊಂದು ಮಾತಿದೆ. ತಿಂಡಿಯ ಖರ್ಚಿಗೆಂದು ಮನೆಯವರು ಪ್ರತಿ ಪಾಟ್‌ನಿಂದ ಐದೋ ಹತ್ತೋ ಎತ್ತಿಡುವ ಅಭ್ಯಾಸ ಕೆಲವು ಕಡೆ ಇದೆ. ಮಾಡಬೇಡಿ. ಕರ್ನಾಟಕ ಪೊಲೀಸ್ ಕಾಯ್ದೆ, 1963 ಜೂಜಿನ ಮನೆ ಯಾವುದೆಂದು ಹೇಳುವಾಗ, ಜಾಗ ಮತ್ತು ಸಲಕರಣೆ ಇಟ್ಟವರಿಗೆ ಸಿಗುವ ಲಾಭದ ಮಾತು ಬರುತ್ತದೆ. ಪೋಕರ್ ಕೌಶಲದ ಆಟವೋ ಅದೃಷ್ಟದ್ದೋ ಎಂಬ ಬಗ್ಗೆ ಕೋರ್ಟುಗಳು ಒಂದೇ ಮಾತು ಹೇಳಿಲ್ಲ. ಮನರಂಜನಾ ಕ್ಲಬ್ಬಿನಲ್ಲಿ ಕೌಶಲದ ಆಟವಾಗಿ ಆಡಿದರೆ ಲೈಸೆನ್ಸ್ ಬೇಡವೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತು. ಗುಜರಾತ್ ಹೈಕೋರ್ಟು 2017ರಲ್ಲಿ ಪೋಕರನ್ನು ಜೂಜೆಂದೇ ಕರೆಯಿತು. ಚುರುಮುರಿ, ಕಾಫಿಯ ಖರ್ಚನ್ನು ಆಟದ ಹೊರಗೆ ತಲೆಗಿಷ್ಟು ಎಂದು ಹಂಚಿಕೊಳ್ಳಿ. ಸಾವಿರ ರೂಪಾಯಿ ಭಾರವೆನಿಸುವ ಗೆಳೆಯರು ನಿಮ್ಮಲ್ಲಿ ಒಬ್ಬರಿದ್ದರೂ ಇದೇ ಬಿಲ್ಲೆಗಳಿಗೆ ರೂಪಾಯಿಯ ಬದಲು ಬರೀ ಅಂಕ ಎಂದು ಹೆಸರಿಟ್ಟು ಆಡಬಹುದು. ಅಂಕಿ ಅಚ್ಚಾಗದ ಬಿಲ್ಲೆಗೆ ಅದೂ ಒಂದು ಅನುಕೂಲ.

ಹೊಸ ಪೆಟ್ಟಿಗೆ ಬಂದ ದಿನವೇ ಬಣ್ಣವಾರು ಎಣಿಸಿ, ಮುಚ್ಚಳದ ಒಳಗೆ ಬರೆದಿಡಿ. ಐದನೆಯ ಬಣ್ಣದ 50 ಬಿಲ್ಲೆಗಳನ್ನು ಹೊರಗೆ ತೆಗೆಯಲೇಬೇಡಿ. ರಾತ್ರಿ ಎಣಿಸುವಾಗ ಒಂದೆರಡು ಕಡಿಮೆ ಬಂದರೆ ಯಾರ ಮುಖವನ್ನೂ ನೋಡುವ ಮೊದಲು ಸೋಫಾದ ದಿಂಬು ಎತ್ತಿ ನೋಡಿ. ಕಳೆದ ತಿಂಗಳು ನಮ್ಮಲ್ಲಿ ಕಾಣೆಯಾಗಿದ್ದ ಇನ್ನೂರಿಪ್ಪತ್ತು ರೂಪಾಯಿ, ನೂರರದೆರಡು ಮತ್ತು ಇಪ್ಪತ್ತರದೊಂದು, ಅಲ್ಲೇ ಸಿಕ್ಕಿತು.